ಇಪ್ಪತ್ತೊಂದನೆಯ ಮನೆಯಲ್ಲಿ ಸಿಕ್ಕಿಬಿದ್ದ ದೋಷ

ಬೆಂಗಳೂರು: 2024ರ ಜುಲೈ 19ರ ಬೆಳಗ್ಗೆ, ಭಾರತೀಯ ಕಾಲಮಾನ 9.39ಕ್ಕೆ, ಅಮೆರಿಕದ ಭದ್ರತಾ ತಂತ್ರಾಂಶ ಸಂಸ್ಥೆ ಕ್ರೌಡ್‌ಸ್ಟ್ರೈಕ್ ತನ್ನ ಗ್ರಾಹಕರ ಕಂಪ್ಯೂಟರುಗಳಿಗೆ ಕಿರುಕಡತವೊಂದನ್ನು ರವಾನಿಸಿತು. 78 ನಿಮಿಷಗಳ ಬಳಿಕ ಅದನ್ನು ಹಿಂಪಡೆಯಿತಾದರೂ, ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ಬಾಧಿತವಾದವು. ಬೆಂಗಳೂರೂ ಸೇರಿ ದೇಶದ ಹಲವು ವಿಮಾನ ನಿಲ್ದಾಣಗಳಲ್ಲಿ ಅಂದು ಚೆಕ್-ಇನ್ ಅಸ್ತವ್ಯಸ್ತಗೊಂಡಿತು. ಕೆಲವೆಡೆ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲೇ ಬರೆದುಕೊಡಲಾಯಿತು.

ಒಂದು ಕಡತಕ್ಕೆ ಇಡೀ ಯಂತ್ರವೇ ಏಕೆ ಕುಸಿಯಬೇಕು? ಸಾಮಾನ್ಯ ತಂತ್ರಾಂಶ ತನ್ನದಲ್ಲದ ಮೆಮೊರಿಗೆ ಕೈಹಾಕಿದರೆ ಕಾರ್ಯಾಚರಣ ವ್ಯವಸ್ಥೆ ಅದೊಂದನ್ನೇ ಹೊರದಬ್ಬುತ್ತದೆ. ಕ್ರೌಡ್‌ಸ್ಟ್ರೈಕ್‌ನ ಡ್ರೈವರ್ ಇದ್ದದ್ದು ವ್ಯವಸ್ಥೆಯ ಗರ್ಭಗುಡಿಯಾದ ಕರ್ನಲ್‌ನಲ್ಲಿ. ಅಲ್ಲಿ ತಪ್ಪು ವಿಳಾಸವನ್ನು ಓದಿದರೆ, ದತ್ತಾಂಶ ಕೆಡುವುದಕ್ಕಿಂತ ನಿಲ್ಲುವುದೇ ಲೇಸೆಂದು ವಿಂಡೋಸ್ ನೀಲಿ ಪರದೆ ತೋರಿಸಿ ಸ್ತಬ್ಧವಾಗುತ್ತದೆ.

ನಿಲ್ಲುವ ಮುನ್ನ ಮೆಮೊರಿಯ ಪಡಿಯಚ್ಚನ್ನು 'ಕ್ರ್ಯಾಶ್ ಡಂಪ್' ಎಂಬ ಕಡತದಲ್ಲಿ ಉಳಿಸುತ್ತದೆ. ತಜ್ಞರಿಗೆ ಇದೇ ಮರಣೋತ್ತರ ಪರೀಕ್ಷೆಯ ಶವ. ವಿನ್‌ಡಿಬಿಜಿಯಂಥ ಸಾಧನದಲ್ಲಿ ಇದನ್ನು ತೆರೆದರೆ ಯಾವ ಆದೇಶ ನಡೆಯುವಾಗ ಯಂತ್ರ ನಿಂತಿತು, ಆಗ ಪ್ರೊಸೆಸರಿನ ರಿಜಿಸ್ಟರ್‌ಗಳಲ್ಲಿ ಏನಿತ್ತು ಎಂಬುದು ಕಾಣುತ್ತದೆ.

ಇಲ್ಲೇ ಹಲವರು ಎಡವಿದರು. ಖಾಲಿ ವಿಳಾಸವನ್ನು ಓದಿದ್ದೇ, ಅಂದರೆ 'ನಲ್ ಪಾಯಿಂಟರ್' ದೋಷವೇ ಕಾರಣ ಎಂಬ ಊಹೆ ಅಂತರ್ಜಾಲದಲ್ಲಿ ಕಾಳ್ಗಿಚ್ಚಿನಂತೆ ಹಬ್ಬಿತು. ಆದರೆ ಜುಲೈ 27ರಂದು ಮೈಕ್ರೋಸಾಫ್ಟ್ ಪ್ರಕಟಿಸಿದ ವಿಶ್ಲೇಷಣೆ ಬೇರೆಯದನ್ನೇ ತೋರಿಸಿತು. ಕುಸಿದ ಆದೇಶಕ್ಕೆ ತುಸು ಮೊದಲು, ವಿಳಾಸ ಖಾಲಿಯೇ ಎಂಬ ತಪಾಸಣೆ ಇತ್ತು. 'ಆರ್8' ರಿಜಿಸ್ಟರಿನಲ್ಲಿದ್ದ ವಿಳಾಸವೂ ಸೊನ್ನೆಯಾಗಿರಲಿಲ್ಲ. ತಪಾಸಣೆಗೆ ಅದು ಸಾಚಾ ವಿಳಾಸವಾಗಿಯೇ ಕಂಡಿತ್ತು!

ಹಾಗಾದರೆ ಆ ವಿಳಾಸ ಬಂದದ್ದೆಲ್ಲಿಂದ? ಆಗಸ್ಟ್ 6ರ ಕ್ರೌಡ್‌ಸ್ಟ್ರೈಕ್ ವರದಿ ಉತ್ತರ ಕೊಟ್ಟಿತು. ಪತ್ತೆ ನಿಯಮಗಳ ಮಾದರಿ 21 ಮೌಲ್ಯಗಳನ್ನು ನಿರೀಕ್ಷಿಸುತ್ತಿತ್ತು. ಡ್ರೈವರ್ ಒದಗಿಸುತ್ತಿದ್ದದ್ದು 20 ಮಾತ್ರ. ಹಿಂದಿನ ಕಡತಗಳಲ್ಲಿ 21ನೆಯದಕ್ಕೆ 'ಏನಿದ್ದರೂ ಸರಿ' ಎಂದಿದ್ದುದರಿಂದ ಅತ್ತ ಯಾರೂ ಇಣುಕಿರಲಿಲ್ಲ. ಅಂದು ಬಂದ 291ನೇ ಸಂಖ್ಯೆಯ ಕಡತ ಮೊದಲ ಬಾರಿ ಅದನ್ನು ಹೋಲಿಸಿ ನೋಡಲು ಹೇಳಿತು. ಡ್ರೈವರ್ 20 ಮನೆಗಳನ್ನು ದಾಟಿ, ಇಲ್ಲದ 21ನೆಯ ಮನೆಗೆ ಕಾಲಿಟ್ಟು, ಅಲ್ಲಿ ಬಿದ್ದಿದ್ದ ಯಾವುದೋ ಅಂಕಿಯನ್ನೇ ವಿಳಾಸವೆಂದು ನಂಬಿತು. ಮನೆಗಳನ್ನು ಎಣಿಸುವ ಹೊಣೆಯನ್ನು ಸಿ++ ಭಾಷೆ ಬರೆಯುವವರಿಗೇ ಬಿಡುತ್ತದೆ. ಕಡತವನ್ನು ಮೊದಲೇ ಪರಿಶೀಲಿಸಬೇಕಿದ್ದ ತಂತ್ರಾಂಶವೂ 21 ಮೌಲ್ಯಗಳಿವೆ ಎಂದೇ ಭಾವಿಸಿತ್ತು.

ಸಂಸ್ಥೆ ಬಳಿಕ ಮಿತಿ ತಪಾಸಣೆಯನ್ನು ಸೇರಿಸಿತು. ಆದರೆ ನಿಂತುಹೋದ ಯಂತ್ರಗಳಿಗೆ ದೂರದಿಂದ ಮದ್ದು ತಲುಪಿಸುವುದು ಬಹುಪಾಲು ಆಗಲಿಲ್ಲ. ಸಿಬ್ಬಂದಿ ಒಂದೊಂದರ ಮುಂದೆಯೂ ಕುಳಿತು, ಸೇಫ್ ಮೋಡ್‌ನಲ್ಲಿ ತೆರೆದು, ಆ ಕಡತವನ್ನು ಕೈಯಾರೆ ಅಳಿಸಬೇಕಾಯಿತು. ಬಿಟ್‌ಲಾಕರ್ ಬೀಗವಿದ್ದ ಕಡೆ ಅದಕ್ಕೂ ಮೊದಲು 48 ಅಂಕಿಗಳ ಕೀಲಿಯನ್ನು ಹುಡುಕಬೇಕಿತ್ತು.