ಬೇಳೆ ಬೇಯದ ನೀರಿನಲ್ಲಿ ಬೆಳೆಯುವ ಗಿಡಗಳು

ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ನೆಲೆಗೊಳಿಸಿದ ಜಿನನಾಥಪುರವು ಶ್ರವಣಬೆಳಗೊಳದ ಚಂದ್ರಗಿರಿಯ ಉತ್ತರ ಮಗ್ಗುಲಲ್ಲಿದ್ದು, ಶಾಂತಿನಾಥ ಬಸದಿಯ ಹೊರಗೋಡೆಯ ಶಿಲ್ಪಗಳಿಂದಾಗಿ ಕಲಾಸಕ್ತರಿಗೆ ಪರಿಚಿತವಾಗಿದೆ. ಈ ಸೀಮೆಯ ಬೆಟ್ಟಗಳೂ ನೆಲವೂ ಗಟ್ಟಿ ಕಲ್ಲಿನವು. ಸಕಲೇಶಪುರದ ಕಡೆ ಸುರಿಯುವ ಮಳೆಯಲ್ಲಿ ಒಂದು ಪಾಲು ಮಾತ್ರ ಇಲ್ಲಿಗೆ ಬರುವುದರಿಂದ, ಜನರು ಹಿಂದಿನಿಂದಲೂ ಮಳೆನೀರನ್ನು ತಡೆದು ನಿಲ್ಲಿಸುವ ಕೆರೆಕಟ್ಟೆಗಳನ್ನು ನೆಚ್ಚಿದ್ದರು. ಗಂಗರಾಜನ ಅತ್ತಿಗೆ ಜಕ್ಕಿಮವ್ವೆಯ ಹೆಸರಿನ ಜಕ್ಕಿಕಟ್ಟೆ, ಚೆನ್ನಣ್ಣನ ಕೊಳ, ಚಿಕ್ಕದೇವರಾಜ ಒಡೆಯರ ಕಾಲದ ಕಲ್ಯಾಣಿ ಇವೆಲ್ಲವೂ ಅಂಥ ನೆಚ್ಚಿಕೆಯ ಗುರುತುಗಳೇ. ಕೊಳವೆಬಾವಿಗಳ ಕಾಲ ಬಂದ ಮೇಲೆ ಮನೆಯ ನಲ್ಲಿಗೆ ನೆಲದಾಳದ ನೀರು ಹರಿಯತೊಡಗಿತು. ಬೇಳೆ ಬೇಯಿಸದ, ಹಂಡೆಯ ಒಳಮೈಗೆ ಬಿಳಿ ಕಿಟ್ಟ ಕಟ್ಟುವ ಆ ಗಡಸು ನೀರೇ ಗಾಜಿನ ತೊಟ್ಟಿಯಲ್ಲಿ ಮೀನಿನೊಂದಿಗೆ ಜೀವಂತ ಗಿಡ ಬೆಳೆಸುವವರ ಮೊದಲ ಪ್ರಶ್ನೆಯೂ ಆಗಿದೆ.

ಗಡಸುತನವೆಂದರೆ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳ ಪ್ರಮಾಣ. ಮಣ್ಣಿನಲ್ಲಿ ಬೇರುಗಳೂ ಸೂಕ್ಷ್ಮಜೀವಿಗಳೂ ಬಿಡುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಆಮ್ಲೀಯವಾದ ಮಳೆನೀರು, ಶಿಥಿಲಗೊಂಡ ಕಲ್ಲಿನ ಪದರಗಳಲ್ಲಿ ಇಳಿಯುತ್ತ ಈ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಮಳೆ ಹೇರಳವಾಗಿರುವಲ್ಲಿ ಅವು ತೊಳೆದುಹೋಗುತ್ತವೆ, ಬಯಲುಸೀಮೆಯಲ್ಲಿ ಉಳಿದು ಸಾಂದ್ರವಾಗುತ್ತವೆ. ಆ ನೀರಿನಲ್ಲಿ ಗಿಡಕ್ಕೆ ಎದುರಾಗುವ ಕಷ್ಟವು ಇಂಗಾಲದ್ದು. ಅನಿಲಗಳು ಗಾಳಿಗಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುವುದರಿಂದ ಮುಳುಗಿದ ಎಲೆಗೆ ಇಂಗಾಲದ ಡೈಆಕ್ಸೈಡು ಸದಾ ಕೊರತೆಯೇ. ಅದರ ಮೇಲೆ, ಆಮ್ಲ-ಕ್ಷಾರಗಳ ಅಳತೆಯಾದ ಪಿಎಚ್ 8ರ ಸುಮಾರಿಗೆ ಏರಿದಾಗ ಕರಗಿರುವ ಅಜೈವಿಕ ಇಂಗಾಲದಲ್ಲಿ ಮುಕ್ತ ಡೈಆಕ್ಸೈಡಿನ ಪಾಲು ಶೇ 2ರ ಆಸುಪಾಸಿಗೆ ಇಳಿದು, ಮಿಕ್ಕದ್ದು ಬಹುಪಾಲು ಬೈಕಾರ್ಬೊನೇಟಿನ ರೂಪದಲ್ಲಿರುತ್ತದೆ. ಬೈಕಾರ್ಬೊನೇಟನ್ನು ಒಡೆದು ಇಂಗಾಲ ಪಡೆಯಬಲ್ಲ ಗಿಡಗಳಿಗೆ ಅದು ಉಗ್ರಾಣ, ಉಳಿದವಕ್ಕೆ ಬೀಗ ಹಾಕಿದ ಉಗ್ರಾಣ.

ಬಯಲುಸೀಮೆಯ ಕೆರೆಗಳಲ್ಲಿ ತಾನಾಗಿಯೇ ಬೆಳೆಯುವ ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ ಮತ್ತು ಸೆರಟೋಫಿಲಮ್ ಈ ಬೀಗದ ಕೈಯುಳ್ಳವು. ಪ್ರೌಢಶಾಲೆಯ ಪ್ರಯೋಗಶಾಲೆಯಲ್ಲಿ ಆಲಿಕೆಯಡಿ ಇಟ್ಟು ಆಮ್ಲಜನಕದ ಗುಳ್ಳೆ ತೋರಿಸುವ ಹೈಡ್ರಿಲ್ಲಾದ ಎಲೆಯನ್ನು ಗಡಸು ನೀರಿನ ತೊಟ್ಟಿಯಿಂದ ತೆಗೆದು ಬೆರಳಿನಲ್ಲಿ ಉಜ್ಜಿದರೆ, ಮೇಲ್ಮೈಯಿಂದ ಹುಡಿಹುಡಿಯಾದ ಬಿಳಿ ಲೇಪವು ಕೈಗೆ ಬರುತ್ತದೆ. ಎಲೆಯ ಕೆಳಮೈ ಆಮ್ಲವನ್ನು ಹೊರಸೂಸಿ ಬೈಕಾರ್ಬೊನೇಟನ್ನು ಡೈಆಕ್ಸೈಡಾಗಿ ಮಾರ್ಪಡಿಸಿಕೊಳ್ಳುವಾಗ ಮೇಲ್ಮೈ ಕ್ಷಾರೀಯವಾಗಿ, ನೀರಿನಲ್ಲಿದ್ದ ಸುಣ್ಣ ಅಲ್ಲಿ ಗಟ್ಟಿಯಾಗಿ ಕೂರುತ್ತದೆ. ಇದನ್ನು ರೋಗವೆಂದು ತಿಳಿದು ಔಷಧಿಗಾಗಿ ಅಂಗಡಿಗೆ ಹೋಗುವವರುಂಟು. ವಾಸ್ತವದಲ್ಲಿ ಅದು ಗಿಡ ಚೆನ್ನಾಗಿ ದುಡಿಯುತ್ತಿರುವ ಲಕ್ಷಣ.

ಅಂಗಡಿಗಳಲ್ಲಿ ವ್ಯಾಲಿಸ್ ಎಂದು ಸಿಗುವ, ಪಟ್ಟಿಯಂಥ ಎಲೆಗಳ ವ್ಯಾಲಿಸ್ನೇರಿಯಾ ಇನ್ನಷ್ಟು ಗಮನಾರ್ಹ. ಇದರಲ್ಲಿ ಗಂಡು, ಹೆಣ್ಣು ಗಿಡಗಳು ಬೇರೆಬೇರೆ. ಬುಡದಲ್ಲಿ ಹುಟ್ಟುವ ಗಂಡು ಹೂಗಳು ಸಾಸಿವೆಗಿಂತಲೂ ಕಿರಿದಾಗಿದ್ದು, ಕಳಚಿಕೊಂಡು ಮೇಲೆ ತೇಲಿ ಬಂದು ಅರಳುತ್ತವೆ. ಉದ್ದನೆಯ ಎಳೆಯಂಥ ತೊಟ್ಟಿನ ಮೇಲೆ ಹೆಣ್ಣು ಹೂವು ನೀರಿನ ಮಟ್ಟಕ್ಕೆ ಏರಿ, ಅದರ ಭಾರಕ್ಕೆ ನೀರ್ಪೊರೆಯಲ್ಲಿ ಸಣ್ಣ ಗುಳಿ ಬೀಳುತ್ತದೆ. ತೇಲುವ ಗಂಡು ಹೂಗಳು ಆ ಗುಳಿಗೆ ಜಾರಿ ಪರಾಗಸ್ಪರ್ಶವಾಗುತ್ತಲೇ ತೊಟ್ಟು ಸುರುಳಿ ಸುತ್ತಿಕೊಂಡು ಕಾಯಿಯನ್ನು ತಳಕ್ಕೆ ಎಳೆದುಕೊಳ್ಳುತ್ತದೆ. ಮನೆಯ ತೊಟ್ಟಿಯಲ್ಲಿ ಕಾಯಿ ಕಾಣುವುದು ಅಪರೂಪ, ಏಕೆಂದರೆ ಅಲ್ಲಿ ಹಬ್ಬುವ ಸಸಿಗಳೆಲ್ಲ ಸಾಮಾನ್ಯವಾಗಿ ಒಂದೇ ಬಳ್ಳಿಯ ಕುಡಿಗಳಾಗಿದ್ದು ಒಂದೇ ಲಿಂಗದವಾಗಿರುತ್ತವೆ.

ಲಂಡನ್ನಿನ ರಸಾಯನವಿಜ್ಞಾನಿ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ವರದಿ ಮಾಡಿದ ಪ್ರಯೋಗದಲ್ಲೂ ಬಳಕೆಯಾದದ್ದು ಇದೇ ವ್ಯಾಲಿಸ್ನೇರಿಯಾ. ಹನ್ನೆರಡು ಗ್ಯಾಲನ್ನಿನ ಪಾತ್ರೆಯಲ್ಲಿ ಮರಳು, ಕೆಸರು ಹಾಕಿ ಎರಡು ಗೋಲ್ಡ್ ಫಿಶ್ ಬಿಟ್ಟ ಆತನಿಗೆ, ಗಿಡದ ಕೊಳೆತ ಎಲೆಗಳಿಂದ ನೀರು ಕದಡಿದಾಗ ಕೊಳದ ಬಸವನಹುಳುಗಳನ್ನು ಸೇರಿಸಬೇಕೆಂದು ಹೊಳೆಯಿತು. ಅವು ಕೊಳೆತದ್ದನ್ನು ತಿಂದು ತೊಟ್ಟಿಯನ್ನು ಸಮಸ್ಥಿತಿಗೆ ತಂದವು. 1999ರಲ್ಲಿ ಅಮೆರಿಕದ ಡಯಾನಾ ವಾಲ್‌ಸ್ಟಾಡ್ ಮಣ್ಣಿನ ತಳದ ತೊಟ್ಟಿಯ ಪರವಾಗಿ ಪುಸ್ತಕವನ್ನೇ ಬರೆದರು. ಜಪಾನಿನ ತಕಾಶಿ ಅಮಾನೊ ಜನಪ್ರಿಯಗೊಳಿಸಿದ, ಅನಿಲದ ಸಿಲಿಂಡರು ಮತ್ತು ಪ್ರಖರ ದೀಪಗಳ ಶೈಲಿಯು ಕಣ್ಣಿಗೆ ಹಬ್ಬವೇ ಆದರೂ, ಗ್ರಾಮೀಣ ಹಾಸನದ ವಿದ್ಯುತ್ತಿಗೂ ಜೇಬಿಗೂ ಕೆಸರಿನ ಹಾದಿಯೇ ಹೆಚ್ಚು ಹೊಂದುತ್ತದೆ.

ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಹೊಲಕ್ಕೆ ಹೊಡೆಸುವ ಗೋಡು ಮಣ್ಣು ಪೋಷಕಾಂಶಗಳಿಂದ ಸಮೃದ್ಧವಾದದ್ದೇ ಆದರೂ, ಸುತ್ತಲ ಹೊಲಗಳ ಗೊಬ್ಬರ, ಕೀಟನಾಶಕಗಳೂ ಅಲ್ಲಿಗೇ ಬಂದು ಸೇರುವುದರಿಂದ ಅದನ್ನೇ ನೆಚ್ಚುವುದು ಉಚಿತವಲ್ಲ. ಗೊಬ್ಬರ ಬೀಳದ ಜಾಗದ ಕೆಮ್ಮಣ್ಣು ಸುರಕ್ಷಿತ. ಗಡಸು ನೀರಿನಲ್ಲಿ ಕಬ್ಬಿಣವು ಗಿಡಕ್ಕೆ ದಕ್ಕದ ರೂಪಕ್ಕೆ ತಿರುಗಿ ಎಳೆಯ ಎಲೆಗಳು ಹಳದಿಯಾಗುವ ಕೊರತೆಗೂ ಅದರಲ್ಲಿ ಪರಿಹಾರವಿದೆ, ಏಕೆಂದರೆ ಗಾಳಿಯಾಡದ ತಳದಲ್ಲಿ ಕೆಮ್ಮಣ್ಣಿನ ಕಬ್ಬಿಣ ಕರಗುವ ರೂಪಕ್ಕೆ ಬಂದು ಬೇರಿಗೆ ನೇರವಾಗಿ ಸಿಗುತ್ತದೆ. ಜರಡಿ ಹಿಡಿದ ಮಣ್ಣು ಒಂದಂಗುಲ, ಅದರ ಮೇಲೆ ತೊಳೆದ ದಪ್ಪ ಮರಳು ಒಂದಂಗುಲವಿದ್ದರೆ ಸಾಕು. ಮಣ್ಣಿನ ಪದರ ಹೆಚ್ಚು ದಪ್ಪವಾದರೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೊಜನ್ ಸಲ್ಫೈಡ್ ಹುಟ್ಟುತ್ತದೆ. ಮರಳಿನ ಮೇಲೆ ನಿಂಬೆರಸ ಹಿಂಡಿದಾಗ ನೊರೆ ಬಂದರೆ ಅದರಲ್ಲಿ ಸುಣ್ಣಕಲ್ಲಿದೆ, ಅಂಥದು ಗಡಸುತನವನ್ನು ಇನ್ನೂ ಏರಿಸುತ್ತದೆ. ಹೊಸ ಮಣ್ಣು ಅಮೋನಿಯ ಬಿಡುವುದರಿಂದ ಮೊದಲ ಕೆಲವು ವಾರ ಗಿಡಗಳನ್ನಷ್ಟೇ ಬೆಳೆಸಿ, ಆಮೇಲೆ ಗಡಸು ನೀರನ್ನು ಮೆಚ್ಚುವ ಗಪ್ಪಿ, ಮೋಲಿಯಂಥ ಮೀನುಗಳನ್ನು ಬಿಡುವುದು ಕ್ರಮ. ಗಿಡಗಳು ಆ ಅಮೋನಿಯವನ್ನೇ ಆಹಾರವಾಗಿ ಹೀರುವುದರಿಂದ, ಕರೆಂಟು ಹೋಗಿ ಫಿಲ್ಟರ್ ನಿಂತಾಗಲೂ ನೀರು ಕೂಡಲೇ ಕೆಡದು. ಆದರೆ ಕತ್ತಲಲ್ಲಿ ಗಿಡಗಳೂ ಆಮ್ಲಜನಕ ಬಳಸುವ ಕಾರಣ, ಗಿಡ ಮೀನುಗಳೆರಡೂ ಕಿಕ್ಕಿರಿದ ತೊಟ್ಟಿಯಲ್ಲಿ ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುವುದುಂಟು. ದೀಪ ದಿನಕ್ಕೆ ಏಳೆಂಟು ಗಂಟೆ ಸಾಕು, ಕಿಟಕಿಯ ನೇರ ಬಿಸಿಲು ಪಾಚಿಯನ್ನೇ ಬೆಳೆಸುತ್ತದೆ.

ಅದೇ ಹಾಸನ ಜಿಲ್ಲೆಯ ಪಶ್ಚಿಮದಲ್ಲಿ ಲೆಕ್ಕ ತಿರುಗುಮುರುಗು. ಪಶ್ಚಿಮಘಟ್ಟದ ಹಳ್ಳಗಳ ಮೆದು ನೀರು ಕ್ರಿಪ್ಟೊಕೊರೈನ್, ಲ್ಯಾಜೆನಾಂಡ್ರ, ರೊಟಾಲ ಕುಲಗಳ ತವರಾಗಿದ್ದು, ಇವುಗಳಲ್ಲಿ ಹಲವು ವಿದೇಶಿ ಹವ್ಯಾಸಿಗಳ ತೊಟ್ಟಿಗಳಲ್ಲಿ ಬೆಲೆಬಾಳುವ ಗಿಡಗಳು. ಗಡಸು ನೀರಿನ ಬಯಲುಸೀಮೆಯ ಚನ್ನರಾಯಪಟ್ಟಣದ ಮನೆಯಲ್ಲಿ ರೊಟಾಲದಂಥವು ಬದುಕಬೇಕಾದರೆ ಮಾಳಿಗೆಯ ಮಳೆನೀರನ್ನೋ ಶುದ್ಧ ನೀರಿನ ಘಟಕದ ಕ್ಯಾನ್ ನೀರನ್ನೋ ಬೆರೆಸಬೇಕಾಗುತ್ತದೆ. ಗೊರೂರಿನ ಅಣೆಕಟ್ಟೆಯಿಂದ ಬಾಗೂರು-ನವಿಲೆ ಸುರಂಗದತ್ತ ಸಾಗುವ ಹೇಮಾವತಿ ನಾಲೆಯ ನೀರು ಮಲೆನಾಡಿನಲ್ಲಿ ಹುಟ್ಟಿದ್ದಾದ್ದರಿಂದ ಅದೂ ಕೊಳವೆಬಾವಿಯದಕ್ಕಿಂತ ಮೆದು. ಕಾಡಿನ ಹಳ್ಳಗಳಿಂದ ಗಿಡ ಕಿತ್ತು ತರುವುದು ಮಾತ್ರ ಸಲ್ಲದು. ಕೆಲವು ಪ್ರಭೇದಗಳು ಘಟ್ಟದ ಹೊರಗೆ ಎಲ್ಲಿಯೂ ಇಲ್ಲ, ಬೇಕಾದವಕ್ಕೆ ನರ್ಸರಿಗಳಲ್ಲಿ ಅಂಗಾಂಶ ಕೃಷಿಯ ಸಸಿಗಳಿವೆ.

ತೊಟ್ಟಿಯಿಂದ ಕೆರೆಗೆ ಗಿಡ ಹೋಗುವುದು ಇದಕ್ಕಿಂತ ದೊಡ್ಡ ಅಪಾಯ. ಕೇರಳದ ಪೇರಾಂಬ್ರ ಬಳಿಯ ಆವಳಪಾಂಡಿಯಲ್ಲಿ 2020ರಲ್ಲಿ ಕಾಲುವೆಯನ್ನೇ ಗುಲಾಬಿ ಬಣ್ಣಕ್ಕೆ ತಿರುಗಿಸಿ ಜನಜಾತ್ರೆ ಸೇರಿಸಿದ ಕಬೊಂಬಾ, ದಕ್ಷಿಣ ಅಮೆರಿಕ ಮೂಲದ ಅಕ್ವೇರಿಯಂ ಗಿಡ. ಸಾಲ್ವೀನಿಯಾ ಮೊಲೆಸ್ಟಾ ಎಂಬ ತೇಲುವ ಕಳೆಯನ್ನು ಹತೋಟಿಗೆ ತರಲು 1980ರ ದಶಕದಲ್ಲಿ ಆಸ್ಟ್ರೇಲಿಯದಿಂದ ಮೂತಿಹುಳುವನ್ನು ತರಿಸಿ, ಬೆಂಗಳೂರಿನ ತಾವರೆಕೊಳವೊಂದರಲ್ಲಿ ಮೊದಲು ಬಿಡಬೇಕಾಯಿತು. ಹೈಡ್ರಿಲ್ಲಾದ ಒಂದು ಗಿಣ್ಣಿನಷ್ಟು ತುಂಡಿನಿಂದಲೂ ಹೊಸ ಗಿಡ ಹುಟ್ಟುವುದರಿಂದ, ಚನ್ನರಾಯಪಟ್ಟಣ ಸೀಮೆಯಲ್ಲಿ ಸವರಿ ತೆಗೆದ ಗಿಡಗಳನ್ನು ಚರಂಡಿಗೆ ಎಸೆಯದೆ, ಗರಿಗರಿಯಾಗುವಂತೆ ಬಿಸಿಲಿನಲ್ಲಿ ಒಣಗಿಸಿ ತೆಂಗಿನ ಬುಡಕ್ಕೆ ಹಾಕುವುದೇ ಸುಲಭದ ದಾರಿ. ತೊಟ್ಟಿಯಿಂದ ಬಸಿದ ನೀರನ್ನೂ ಅದೇ ಪಾತಿಗೆ ಸುರಿಯಬಹುದು.