ಮಲದಲ್ಲಿ ರಕ್ತ, ಲೋಳೆ ಕಂಡುಬಂದಾಗ: ಕಾರಣ, ಚಿಕಿತ್ಸೆ ಮತ್ತು ಮುನ್ನೆಚ್ಚರಿಕೆ

ಭೇದಿಯೆಲ್ಲವೂ ಒಂದೇ ಎಂದು ಭಾವಿಸಿ, ಅಂಗಡಿಯ ಮಾತ್ರೆ ನುಂಗಿ ಸುಮ್ಮನಾಗುವ ರೂಢಿ ಅಪಾಯಕಾರಿಯಾದುದು. 2021ರಲ್ಲಿ ಹೂವಿನಹಡಗಲಿ ತಾಲ್ಲೂಕಿನ ಮಕರಬ್ಬಿ ಗ್ರಾಮದಲ್ಲಿ ಕಲುಷಿತ ನೀರಿನಿಂದ ವಾಂತಿ-ಭೇದಿ ಹರಡಿ ಜೀವಹಾನಿ ಸಂಭವಿಸಿತು. ತುಂಗಭದ್ರೆಯ ನೀರನ್ನು ಅವಲಂಬಿಸಿರುವ ಹೊಸಪೇಟೆ, ಹಂಪಿ, ಕಂಪ್ಲಿ ಭಾಗಗಳಲ್ಲಿಯೂ ಸಂಡೂರಿನ ಗ್ರಾಮಗಳಲ್ಲಿಯೂ ಮಳೆಗಾಲದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಮಲದ ಸ್ವರೂಪವನ್ನು ಗಮನಿಸಿ ವೈದ್ಯರಿಗೆ ತಿಳಿಸುವುದು ಸಂಕೋಚದ ವಿಷಯವಲ್ಲ. ಚಿಕಿತ್ಸೆ ನಿರ್ಧಾರವಾಗುವುದು ಅದರಿಂದಲೇ.

ಸ್ವರೂಪ ಮತ್ತು ಕಾರಣ

1. ಅಕ್ಕಿ ತೊಳೆದ ನೀರಿನಂತಹ ಧಾರಾಕಾರ ಭೇದಿ: ಕಾಲರಾ ಇರಬಹುದು. ಕೆಲವೇ ಗಂಟೆಗಳಲ್ಲಿ ದೇಹದ ನೀರು ಬತ್ತಿ ಪ್ರಾಣಾಪಾಯ ಒದಗುತ್ತದೆ.

2. ರಕ್ತ, ಲೋಳೆ, ಹೊಟ್ಟೆನುಲಿತ, ಜ್ವರ: ಆಮಶಂಕೆಯ ಲಕ್ಷಣ. ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾ ಅಥವಾ ಅಮೀಬಾ ಇದಕ್ಕೆ ಕಾರಣವಾಗಬಹುದು. ಎರಡಕ್ಕೂ ಔಷಧಿ ಬೇರೆಬೇರೆ. ಆದುದರಿಂದ ಸ್ವಯಂಚಿಕಿತ್ಸೆ ಸಲ್ಲದು.

3. ಡಾಂಬರಿನಂತೆ ಕಪ್ಪಾದ, ಜಿಗುಟು ಮಲ: ಜಠರದಲ್ಲಿ ರಕ್ತಸ್ರಾವದ ಸೂಚನೆ. ಗರ್ಭಿಣಿಯರಿಗೆ ನೀಡುವ ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ. ಅದಕ್ಕೆ ಹೆದರಿ ಮಾತ್ರೆ ನಿಲ್ಲಿಸದೆ ಆರೋಗ್ಯ ಕಾರ್ಯಕರ್ತೆಯರನ್ನು ವಿಚಾರಿಸತಕ್ಕದ್ದು.

4. ಮಲವಿಸರ್ಜನೆಯ ವೇಳೆ ಕೆಂಪು ರಕ್ತ: ಬಹುತೇಕ ಮೂಲವ್ಯಾಧಿ ಅಥವಾ ಗುದದ್ವಾರದ ಬಿರುಕು. ವಾರಗಟ್ಟಲೆ ಮುಂದುವರಿದು ತೂಕ ಇಳಿದರೆ ಕರುಳಿನ ಕ್ಯಾನ್ಸರ್ ಪರೀಕ್ಷೆ ಅವಶ್ಯ.

ಚಿಕಿತ್ಸೆ

ಭೇದಿ ಆರಂಭವಾದೊಡನೆ ಒಂದು ಓಆರ್‌ಎಸ್ ಪೊಟ್ಟಣವನ್ನು 1 ಲೀಟರ್ ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ, ಗುಟುಕು ಗುಟುಕಾಗಿ ಕುಡಿಸಬೇಕು. ಉಳಿದ ದ್ರಾವಣವನ್ನು 24 ಗಂಟೆಗಳ ನಂತರ ಬಳಸಬಾರದು. 6 ತಿಂಗಳಿಂದ 5 ವರ್ಷದ ಮಕ್ಕಳಿಗೆ ದಿನಕ್ಕೆ 20 ಮಿ.ಗ್ರಾಂ ಜಿಂಕ್ ಮಾತ್ರೆಯನ್ನು, ಭೇದಿ ನಿಂತರೂ ಬಿಡದೆ, 14 ದಿನ ಕೊಡಬೇಕು. ಎದೆಹಾಲು, ಗಂಜಿ, ಮೃದು ಆಹಾರ ನಿಲ್ಲಿಸಬಾರದು. ಭೇದಿಯನ್ನು ತಡೆಯುವ ಮಾತ್ರೆಗಳನ್ನು ಮಕ್ಕಳಿಗೂ, ರಕ್ತಭೇದಿ ಇರುವವರಿಗೂ ಕೊಡಲೇಬಾರದು.

ರಕ್ತ ಅಥವಾ ಕಪ್ಪು ಮಲ, ನಿಲ್ಲದ ವಾಂತಿ, ಗುಳಿಬಿದ್ದ ಕಣ್ಣು, ಮೂತ್ರ ಕಡಿಮೆಯಾಗುವುದು, ಮಂಪರು ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ತುರ್ತಿಗೆ 108, ಸಲಹೆಗೆ 104 ಸಂಖ್ಯೆಗೆ ಕರೆ ಮಾಡಬಹುದು.

ಮುನ್ನೆಚ್ಚರಿಕೆ

ಕುಡಿಯುವ ನೀರನ್ನು ಕುದಿಸಿ ಆರಿಸಿ, ಮುಚ್ಚಿಡಬೇಕು. ಶೌಚದ ನಂತರ ಮತ್ತು ಊಟಕ್ಕೆ ಮುನ್ನ ಸಾಬೂನಿನಿಂದ ಕೈ ತೊಳೆಯಬೇಕು. ಗ್ರಾಮ ಪಂಚಾಯಿತಿಗಳು ನೀರಿನ ತೊಟ್ಟಿಗಳನ್ನು ನಿಯಮಿತವಾಗಿ ಶುಚಿಗೊಳಿಸಿ, ಚರಂಡಿಯಲ್ಲಿ ಹಾದುಹೋಗುವ ಒಡೆದ ಕೊಳವೆಗಳನ್ನು ಕೂಡಲೇ ದುರಸ್ತಿಪಡಿಸಬೇಕು. ನಲ್ಲಿಯ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ ಶೇಷ ಕ್ಲೋರಿನ್ ಇರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

ಒಂದೇ ಓಣಿಯಲ್ಲಿ ಇಬ್ಬರು-ಮೂವರಿಗೆ ಭೇದಿ ಕಾಣಿಸಿಕೊಂಡರೆ, ನಾಲ್ಕನೆಯವರು ಹಾಸಿಗೆ ಹಿಡಿಯುವವರೆಗೆ ಕಾಯಬಾರದು. ಅಂದೇ ಆಶಾ ಕಾರ್ಯಕರ್ತೆಯರಿಗೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ತಿಳಿಸಿ, ಆ ನೀರಿನ ಬಳಕೆಯನ್ನು ನಿಲ್ಲಿಸುವುದು ಗ್ರಾಮಸ್ಥರ ಹಾಗೂ ಪಂಚಾಯಿತಿಯ ಜಂಟಿ ಹೊಣೆಯಾಗಿದೆ.