ಡಾಡ್ಜ್ ಹೊಟ್ಟೆಯಲ್ಲಿ ಮೆಟಡಾರ್

ಮುಂಬೈಯ ಹಳೇ ಅಮೆರಿಕನ್ ಕಾರುಗಳ ಬಾನೆಟ್ ಎತ್ತಿಸಿ ನೋಡಬೇಕು. ಹೊರಗೆ ಫಳಫಳ ಹೊಳೆಯುವ ಕ್ರೋಮ್, ಒಳಗೆ ಎಷ್ಟೋ ಸಲ ಮೆಟಡಾರ್ ವ್ಯಾನಿನ ಡೀಸೆಲ್ ಎಂಜಿನ್!

ಈ ಕಾರುಗಳ ಜೋಡಣೆ ನಡೆದದ್ದೂ ಇದೇ ಊರಲ್ಲಿ. ಜನರಲ್ ಮೋಟರ್ಸ್ 1928ರಲ್ಲೇ ಶಿವ್ಡಿಯಲ್ಲಿ ಕಾರ್ಖಾನೆ ತೆರೆದಿತ್ತು. ವಾಲ್‌ಚಂದ್ ಹೀರಾಚಂದರ ಪ್ರೀಮಿಯರ್ ಆಟೊಮೊಬೈಲ್ಸ್ 1947ರಿಂದ ಕುರ್ಲಾದಲ್ಲಿ ಕ್ರೈಸ್ಲರ್ ಕಂಪನಿಯ ಕಾರುಗಳನ್ನು ಹೊರತಂದಿತು. ತಮಾಷೆಯೆಂದರೆ, ರಫ್ತಿಗೆಂದೇ ಮಾಡಿದ ಡಾಡ್ಜ್ ಕಿಂಗ್ಸ್‌ವೇ, ಡಿಸೋಟೊ ಡಿಪ್ಲೊಮ್ಯಾಟ್ ಎರಡೂ ಮೂಲತಃ ಪ್ಲಿಮತ್‌ಗಳೇ. ಬೇರೆ ಹೆಸರು, ಬೇರೆ ಅಲಂಕಾರ ಅಷ್ಟೆ. ‘ಅಸಲಿ’ ಎಂದು ಎದೆ ತಟ್ಟುವವರು ಇದನ್ನು ನೆನಪಿಡಬೇಕು.

ಅವುಗಳ ಮೂಲ ಎಂಜಿನ್ ಆರು ಸಿಲಿಂಡರಿನ, ಸುಮಾರು 3.6 ಲೀಟರಿನ ಫ್ಲಾಟ್‌ಹೆಡ್. ವಾಲ್ವ್‌ಗಳೆಲ್ಲ ಬ್ಲಾಕಿನ ಬದಿಯಲ್ಲೇ ಇರುವುದರಿಂದ ಹೆಡ್ ಬರೀ ಮುಚ್ಚಳದಂತೆ. ಗಟ್ಟಿಮುಟ್ಟು, ಆದರೆ ಹೊಟ್ಟೆಬಾಕ. 1973ರಲ್ಲಿ ತೈಲ ಬಿಕ್ಕಟ್ಟು ಬಂದ ಮೇಲೆ ಅದಕ್ಕೆ ಪೆಟ್ರೋಲ್ ಕುಡಿಸಿ ಕಾರು ಸಾಕುವುದು ಕಷ್ಟವಾಯಿತು. ಅಮೆರಿಕದವರು ವೇಗಕ್ಕೆಂದು ಹಳೇ ಕಾರಿಗೆ ವಿ8 ಕೂರಿಸಿದರೆ, ನಮ್ಮವರು ಉಳಿತಾಯಕ್ಕೆಂದು ಪರ್ಕಿನ್ಸ್, ಮೆಟಡಾರ್ ಡೀಸೆಲ್ ಎಂಜಿನ್ ಕೂರಿಸಿದರು.

ಕೆಲಸವೇನೂ ಸಲೀಸಲ್ಲ. ಗೇರ್‌ಬಾಕ್ಸಿಗೆ ಹೊಂದಲು ಅಡಾಪ್ಟರ್ ಪ್ಲೇಟ್ ಮಾಡಿಸಬೇಕು, ಮೌಂಟಿಂಗ್ ವೆಲ್ಡ್ ಮಾಡಿಸಬೇಕು. 1955ರವರೆಗೆ ಕ್ರೈಸ್ಲರ್ ಕಾರುಗಳದು 6 ವೋಲ್ಟ್, ಅದೂ ಪಾಸಿಟಿವ್ ಅರ್ಥ್. ಡೀಸೆಲ್ ಸ್ಟಾರ್ಟರಿಗೆ ಕನಿಷ್ಠ 12 ಬೇಕು. ಹಾಗಾಗಿ ಎಂಜಿನ್ ಜೊತೆಗೆ ಡೈನಮೊ, ವೈರಿಂಗ್, ಬಲ್ಬುಗಳೂ ಹೋದವು. ಸಿಗ್ನಲ್ಲಿನಲ್ಲಿ ನಿಂತರೆ ಬಾಗಿಲ ಗಾಜೆಲ್ಲ ಗಡಗಡ.

2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನಿಯಮ ತಂದಿತು: 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಮಾರ್ಪಾಡಾಗದೆ ಮೂಲ ರೂಪದಲ್ಲೇ ಇರಬೇಕು. ಅಂಥದ್ದಕ್ಕೆ ಮಾತ್ರ ‘ವಿಎ’ ಅಕ್ಷರದ ನಂಬರ್ ಪ್ಲೇಟು. ಹೊಸ ನೋಂದಣಿಗೆ 20,000 ರೂಪಾಯಿ. ಹಿಂದೆ ತೂಕಕ್ಕೆ ಹಾಕಿದ ಬ್ಲಾಕನ್ನು ಈಗ ಎಲ್ಲಿಂದ ತರುವುದು?

ಅಂದು ಡೀಸೆಲ್ ಹಾಕಿಸಿದವರನ್ನು ನಾನಂತೂ ಬೈಯಲಾರೆ. ಅದಿಲ್ಲದಿದ್ದರೆ ಎಷ್ಟೋ ಡಾಡ್ಜ್‌ಗಳು ಆಗಲೇ ಗುಜರಿ ಸೇರುತ್ತಿದ್ದವು. ಆದರೆ ಭಾನುವಾರ ಮರೀನ್ ಡ್ರೈವ್‌ನಲ್ಲಿ ಒಂದು ಸುತ್ತು ಹೊಡೆಯುವ ಕಾರಿಗೆ ಇಂದು ಮೈಲೇಜ್ ನೆಪ ಹೇಳಿದರೆ ಒಪ್ಪಲು ಕಷ್ಟ. ಬದಲಿಸಲೇಬೇಕೆಂದರೆ ಚಾಸಿ ಕತ್ತರಿಸದೆ ಬೋಲ್ಟಿನಲ್ಲೇ ಕೂರಿಸಿ, ಹಳೇ ಎಂಜಿನ್ನಿಗೆ ಎಣ್ಣೆ ಹಾಕಿ ಶೆಡ್ಡಿನಲ್ಲಿಡಿ. ಆರ್‌ಟಿಒ ಅನುಮತಿ ಮೊದಲೇ ಪಡೆಯಿರಿ. ಕೊಳ್ಳುವವರಾದರೆ ಬ್ಲಾಕಿನ ಎಡಬದಿ, ಡೈನಮೊ ಮೇಲ್ಗಡೆ ಒತ್ತಿರುವ ನಂಬರನ್ನು ಉಜ್ಜಿ ಓದಿ, ಆರ್‌ಸಿಗೆ ತಾಳೆ ನೋಡಿದ ಮೇಲೆಯೇ ಅಡ್ವಾನ್ಸ್ ಕೊಡಿ.